ಪ್ರತಿಯಿಲ್ಲದ ಸಂದೇಶ

ಅತಿವಾಹಕ ವಿದ್ಯುನ್ಮಂಡಲಗಳಲ್ಲಿ ಕ್ವಾಂಟಂ ವರ್ತನೆಯನ್ನು ತೋರಿಸಿಕೊಟ್ಟ ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಎಂಬ ಮೂವರಿಗೆ 2025ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಂದಿನಿಂದ, ಅಂಥ ಮಂಡಲಗಳಿಂದಲೇ ಕಟ್ಟುವ ಕ್ವಾಂಟಂ ಕಂಪ್ಯೂಟರಿನ ವಿಷಯವಾಗಿ ವಿದ್ಯಾರ್ಥಿಗಳು ಕನ್ನಡ ಅಧ್ಯಾಪಕನಾದ ನನ್ನನ್ನೂ ಬಿಡದೆ ಪ್ರಶ್ನಿಸುತ್ತಿದ್ದಾರೆ. ಅವರ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಎಷ್ಟು ಕ್ಯೂಬಿಟ್ಟು? ಕ್ಯೂಬಿಟ್ಟೆಂದರೆ ಆ ಯಂತ್ರದ ಲೆಕ್ಕಾಚಾರದ ಮೂಲಾಂಶ. ನನಗಾದರೋ ಬೇರೊಂದು ಪ್ರಶ್ನೆಯೇ ಮುಖ್ಯವೆಂದು ತೋರುತ್ತದೆ: ಒಂದು ಘಟಕದ ಕ್ಯೂಬಿಟ್ಟು ಮತ್ತೊಂದು ಘಟಕದ ಕ್ಯೂಬಿಟ್ಟಿನೊಡನೆ ವ್ಯವಹರಿಸುವುದು ಹೇಗೆ?

ಸಂಖ್ಯೆಯನ್ನು ಒಂದೇ ಚಿಪ್‌ನ ಮೇಲೆ ಬೆಳೆಸುತ್ತಲೇ ಹೋಗುವಂತಿಲ್ಲ. 2023ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಕಾಂಡೋರ್ ಚಿಪ್‌ನಲ್ಲಿ 1,121 ಕ್ಯೂಬಿಟ್ಟುಗಳಿದ್ದವು; ಅದೊಂದಕ್ಕಾಗಿ ಶೀತಯಂತ್ರದೊಳಗೆ ಹಾಸಿದ ತಂತಿಯ ಉದ್ದ ಒಂದು ಮೈಲಿಗೂ ಮೀರಿತ್ತು. ಆದುದರಿಂದ ಸಣ್ಣ ಘಟಕಗಳನ್ನು ಮಾಡಿ ಅವನ್ನು ಬೆಸೆಯಬೇಕು. ತೊಡಕಿರುವುದು ಈ ಬೆಸುಗೆಯಲ್ಲಿ.

ವಿದ್ಯೆ ಕೊಟ್ಟಷ್ಟೂ ಬೆಳೆಯುತ್ತದೆಂದು ನಾವು ಹೇಳುತ್ತೇವೆ. ಪಾಠ ಹೇಳಿ ಮನೆಗೆ ಬಂದ ನನ್ನಲ್ಲಿ ಆ ಪಾಠ ಉಳಿದೇ ಇರುತ್ತದೆ. ದೂರವಾಣಿಯ ಮಾತು ಕೇಳಿಸದಿದ್ದರೆ ಮತ್ತೊಮ್ಮೆ ಹೇಳಬಹುದು. ಕ್ಯೂಬಿಟ್ಟಿನ ಸ್ಥಿತಿಗೆ ಈ ಭಾಗ್ಯವಿಲ್ಲ. ಅಜ್ಞಾತವಾದ ಕ್ವಾಂಟಂ ಸ್ಥಿತಿಯ ಪ್ರತಿಯನ್ನು ತೆಗೆಯಲಾಗದೆಂಬುದು 1982ರಲ್ಲಿಯೇ ಸಿದ್ಧವಾಗಿದೆ. ಅದು ಅಲ್ಲಿಗೆ ಹೋಯಿತೆಂದರೆ ಇಲ್ಲಿ ಉಳಿಯದು. ದಾರಿಯಲ್ಲಿ ಕಳೆಯಿತೆಂದರೆ ಎಲ್ಲಿಯೂ ಉಳಿಯದು. ‘ಸಂದೇಶ’ವೆಂಬ ನಮ್ಮ ಶಬ್ದವೇ ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯವೊಂದು ಸೊಗಸಾಗಿದೆ. ಅಮೂಲ್ಯವಾದ ಸ್ಥಿತಿಯನ್ನು ಅವರು ನೇರವಾಗಿ ದಾರಿಗೆ ಬಿಡುವುದಿಲ್ಲ. ಮೊದಲು ಎರಡು ಘಟಕಗಳ ತಲಾ ಒಂದು ಕ್ಯೂಬಿಟ್ಟನ್ನು ಪರಸ್ಪರ ಹೆಣೆಯುತ್ತಾರೆ. ಹೆಣಿಗೆ ತಪ್ಪಿತೆಂದು ತಿಳಿದರೆ ಮತ್ತೆ ಹೆಣೆಯಬಹುದು, ನಷ್ಟವಿಲ್ಲ. ಅದು ಕೂಡಿಬಂದ ಮೇಲೆ ಅದರ ಆಸರೆಯಿಂದ ಸ್ಥಿತಿಯನ್ನು ಆಚೆಗೆ ದಾಟಿಸುತ್ತಾರೆ.

ಹೆಣೆಯಲು ಹೋಗುವ ದೂತ ಮೈಕ್ರೋವೇವ್‌ನ ಒಂದೇ ಒಂದು ಫೋಟಾನು. ನಮ್ಮ ಕೋಣೆಯ ಸಾಧಾರಣ ಶಾಖದಲ್ಲಿಯೇ ಅದು ಜಾತ್ರೆಯ ಗದ್ದಲದ ನಡುವಣ ಪಿಸುಮಾತಿನಂತೆ ಅಡಗಿಹೋಗುತ್ತದೆ. ಕ್ಯೂಬಿಟ್ಟುಗಳಂತೂ ಅತಿಶೈತ್ಯದಲ್ಲಿಯೇ ಇರುತ್ತವೆ. ನಡುವಣ ದಾರಿಯನ್ನೂ ಹಾಗೆಯೇ ತಣಿಸಬೇಕು. ಸ್ವಿಟ್ಸರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದವರು 30 ಮೀಟರು ಉದ್ದದ ಕೊಳವೆಯನ್ನು ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಣಿಸಿ, ಅದರ ಎರಡು ತುದಿಗಳ ಕ್ಯೂಬಿಟ್ಟುಗಳನ್ನು ಹೆಣೆದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದಕ್ಕೆ ಬೇಕಾದುದು 1.3 ಟನ್ ತಾಮ್ರ, 14,000 ತಿರುಪುಮೊಳೆ. ಒಂದು ಫೋಟಾನಿನ ಪಯಣಕ್ಕೆ ಎಷ್ಟು ಸಂಭ್ರಮ!

2024ರಲ್ಲಿ ಐಬಿಎಂ ಒಂದು ಮೀಟರಿನಷ್ಟು ಉದ್ದದ ತಂತಿಗಳಿಂದ ಎರಡು ಹೆರಾನ್ ಚಿಪ್‌ಗಳನ್ನು ಜೋಡಿಸಿ ತೋರಿಸಿತು. ತಂತಿಯ ಮೂಲಕ ನಡೆಸಿದ ಕ್ರಿಯೆಯಲ್ಲಿ ತಪ್ಪಿನ ಪ್ರಮಾಣ ಶೇಕಡಾ 3.5, ಚಿಪ್‌ನ ಒಳಗೆ ಅಂಥದೇ ಕ್ರಿಯೆಯಲ್ಲಿ ಶೇಕಡಾ ಒಂದಕ್ಕೂ ಕಡಿಮೆ. ಹೀಗಿರುವಾಗ ಎರಡರ ಕ್ಯೂಬಿಟ್ಟುಗಳನ್ನೂ ಕೂಡಿಸಿ ಒಂದೇ ಸಂಖ್ಯೆಯಾಗಿ ಸಾರುವುದು ನನಗೆ ಸರಿಕಾಣದು. ಹೊಳೆಯ ಎರಡು ದಡದ ಊರುಗಳ ಜನಸಂಖ್ಯೆಯನ್ನು ಕೂಡಿಸಿ ಹೇಳಿ, ನಡುವೆ ಓಡಾಡುವ ದೋಣಿ ಸೋರುತ್ತಿರುವುದನ್ನು ಹೇಳದೆ ಬಿಟ್ಟಂತಾಯಿತು.

ಗಾಜಿನ ಎಳೆಯಲ್ಲಿ ಸಾಗುವ ಬೆಳಕಿಗೆ ಈ ಶೈತ್ಯದ ಹಂಗಿಲ್ಲ. ಮೈಕ್ರೋವೇವ್ ಫೋಟಾನನ್ನು ಬೆಳಕಿನ ಫೋಟಾನಾಗಿ ಪರಿವರ್ತಿಸಬಹುದಾದರೆ ಬಹುದೂರದ ಘಟಕಗಳನ್ನೂ ಕೂಡಿಸಬಹುದು. ಆ ಪ್ರಯತ್ನ ಅನೇಕ ಪ್ರಯೋಗಶಾಲೆಗಳಲ್ಲಿ ನಡೆದಿದೆ. ಆದರೆ ಇಂದಿನ ಪರಿವರ್ತಕಗಳು ಬಂದ ಫೋಟಾನುಗಳಲ್ಲಿ ಬಹುಪಾಲನ್ನು ಕಳೆದುಕೊಳ್ಳುತ್ತವೆ, ಇಲ್ಲವೆ ತಮ್ಮದೇ ಗದ್ದಲವನ್ನು ಅವುಗಳೊಡನೆ ಬೆರೆಸಿ ಕಳುಹಿಸುತ್ತವೆ.