ಕಂಪ್ಯೂಟರಿನ ಆಯುಷ್ಯ ಬರೆಯುವವರು ಯಾರು?

೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ಲೋಕದ ಕೋಟ್ಯಂತರ ಕಂಪ್ಯೂಟರುಗಳು ಒಂದೇ ದಿನದಲ್ಲಿ ಮುದಿಯಾದವು. ಹಿಂದಿನ ಸಂಜೆ ಅವು ನೆಟ್ಟಗೆ ಕೆಲಸ ಮಾಡುತ್ತಿದ್ದವು. ಮರುದಿನ ಬೆಳಿಗ್ಗೆಯೂ ನೆಟ್ಟಗೆ ಕೆಲಸ ಮಾಡಿದವು. ಒಂದು ತಂತಿ ಸುಟ್ಟಿರಲಿಲ್ಲ, ಒಂದು ಕೀಲು ಸವೆದಿರಲಿಲ್ಲ. ಆದದ್ದಿಷ್ಟೆ: ಅವುಗಳನ್ನು ನಡೆಸುವ ವಿಂಡೋಸ್ ೧೦ ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ ಪುಕ್ಕಟೆ ದುರಸ್ತಿ ಕೊಡಲು ಮೈಕ್ರೋಸಾಫ್ಟ್ ಕಂಪೆನಿ ಹಾಕಿಕೊಂಡಿದ್ದ ಗಡುವು ಆ ದಿನ ಮುಗಿಯಿತು.

ಇದು ದೊಡ್ಡ ಆಫೀಸುಗಳ ಗೋಜು, ನಮಗೇನು ಸಂಬಂಧ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಸಂಬಂಧವಿದೆ. ಇಂದು ಕಿರಾಣಿ ಅಂಗಡಿಯ ಬಿಲ್ಲು, ಜಿ.ಎಸ್.ಟಿ. ಲೆಕ್ಕ, ಕಾರ್ಮಿಕನ ಭವಿಷ್ಯನಿಧಿಯ ಖಾತೆ, ಮಗಳ ಪರೀಕ್ಷೆಯ ಅರ್ಜಿ ಇವೆಲ್ಲ ಕಂಪ್ಯೂಟರಿನ ಮೂಲಕವೇ ಸಾಗಬೇಕಾಗಿದೆ. ದೊಡ್ಡ ಕಂಪೆನಿಯವರು ನಾಲ್ಕಾರು ವರ್ಷಕ್ಕೊಮ್ಮೆ ಯಂತ್ರ ಬದಲಿಸುತ್ತಾರೆ. ಅವರು ಕೈಬಿಟ್ಟದ್ದು ಸೆಕೆಂಡ್ ಹ್ಯಾಂಡ್ ಮಾಲಾಗಿ ನಮ್ಮ ಊರಿನ ಅಂಗಡಿಗೆ, ಟೈಪಿಂಗ್ ಸೆಂಟರಿಗೆ, ಕಾರ್ಮಿಕರ ಮನೆಗೆ ಬರುತ್ತದೆ. ಆದುದರಿಂದ ಹಳೆಯ ಕಂಪ್ಯೂಟರಿಗೆ ಬೀಳುವ ಪೆಟ್ಟು ಮೊದಲು ಬೀಳುವುದು ಸಣ್ಣವನ ಬೆನ್ನಿನ ಮೇಲೆ.

ಹಳೆಯ ಯಂತ್ರವೆಂದರೆ ಏನೆಂಬುದನ್ನು ಗಿರಣಿಯಲ್ಲಿ ದುಡಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಲವತ್ತು ವರ್ಷದ ಮಗ್ಗ ಈಗಲೂ ಬಟ್ಟೆ ನೇಯುತ್ತದೆ. ಅದನ್ನು ಮಾಡಿದ ಕಾರ್ಖಾನೆ ಎಂದೋ ಮುಚ್ಚಿದ್ದರೂ ಮಗ್ಗ ನಿಲ್ಲುವುದಿಲ್ಲ. ಪಿಕರ್ ಸವೆದರೆ ಬೇರೆ ಹಾಕುತ್ತಾರೆ; ಹಲ್ಲುಚಕ್ರ ಮುರಿದರೆ ಫಿಟ್ಟರು ಅಳತೆ ತೆಗೆದು ಲೇತಿನ ಅಂಗಡಿಯಲ್ಲಿ ಇನ್ನೊಂದು ಮಾಡಿಸಿ ತರುತ್ತಾನೆ. ಇದು ಹೇಗೆ ಸಾಧ್ಯವಾಯಿತು? ಮಗ್ಗ ಅವನ ಕಣ್ಣೆದುರು ತೆರೆದುಕೊಂಡು ನಿಂತಿದೆ. ಅದರ ಗುಟ್ಟನ್ನು ಯಾರೂ ಬೀಗ ಹಾಕಿ ಇಟ್ಟಿಲ್ಲ. ಕಂಪ್ಯೂಟರಿನ ಕಬ್ಬಿಣದ ಭಾಗವೂ ಹಾಗೆಯೇ. ಡಿಸ್ಕು ಕೆಟ್ಟರೆ ಬೇರೆ ಹಾಕಬಹುದು, ಮೆಮೊರಿ ಸಾಲದಿದ್ದರೆ ಸೇರಿಸಬಹುದು. ಫಿಟ್ಟರು ಕೈಹಾಕಲಾಗದ್ದು ಒಂದೇ, ಒಳಗಿನ ಆಪರೇಟಿಂಗ್ ಸಿಸ್ಟಂ. ಅದರ ನಕ್ಷೆ ಇರುವುದು ಕಂಪೆನಿಯ ತಿಜೋರಿಯಲ್ಲಿ.

ಆಪರೇಟಿಂಗ್ ಸಿಸ್ಟಂ ಎಂದರೆ ಗಿರಣಿಯ ಜಾಬರನಿದ್ದ ಹಾಗೆ. ಲೆಕ್ಕ ಬರೆಯುವ ತಂತ್ರಾಂಶವಾಗಲಿ, ಇಂಟರ್ನೆಟ್ ತೋರಿಸುವ ಬ್ರೌಸರಾಗಲಿ, ಯಂತ್ರದ ಮೇಲೆ ನೇರವಾಗಿ ಕೈಯಿಡುವುದಿಲ್ಲ. ಪ್ರತಿಯೊಂದಕ್ಕೂ ಜಾಬರನನ್ನೇ ಕೇಳಬೇಕು. ಹೊಸ ತಂತ್ರಾಂಶಗಳು ಹೊಸ ಜಾಬರನಿಗೆ ಮಾತ್ರ ತಿಳಿಯುವ ಮಾತಿನಲ್ಲಿ ಕೇಳುತ್ತವೆ. ಹಳೆಯ ಜಾಬರನಿಗೆ ಅದು ಅರ್ಥವಾಗುವುದಿಲ್ಲ; ಕಾರ್ಯಕ್ರಮ ತೆರೆದುಕೊಳ್ಳುವುದೇ ಇಲ್ಲ. ಇದರ ಜೊತೆಗೆ ಇಂಟರ್ನೆಟ್ಟಿನ ಬೀಗಗಳೂ ಬದಲಾಗುತ್ತವೆ. ೨೦೦೧ರ ವಿಂಡೋಸ್ ಎಕ್ಸ್‌ಪಿಯ ಜೊತೆಯಲ್ಲಿ ಬಂದ ಬ್ರೌಸರಿಗೆ ಇಂದು ಬ್ಯಾಂಕುಗಳ ತಾಣಗಳು ಬಳಸುವ ಬೀಗ ತೆರೆಯಲು ಬರುವುದಿಲ್ಲ. ೨೦೨೧ರ ಸೆಪ್ಟೆಂಬರ್ ೩೦ರಂದು ಲೋಕದ ಅಸಂಖ್ಯ ತಾಣಗಳು ನೆಚ್ಚಿಕೊಂಡಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಅದರ ಬದಲಿಯನ್ನು ಅರಿಯದ ಹಳೆಯ ಯಂತ್ರಗಳಿಗೆ ಆ ತಾಣಗಳ ಬಾಗಿಲು ಮುಚ್ಚಿತು. ಯಂತ್ರ ಕೆಟ್ಟಿತೆಂದು ಮಾಲೀಕ ತಿಳಿದ. ಕೆಟ್ಟಿದ್ದು ಯಂತ್ರವಲ್ಲ.

ಹಾಗಾದರೆ ಹೊಸ ಸಿಸ್ಟಂ ಹಾಕಿಕೊಂಡರಾಯಿತಲ್ಲ ಎನ್ನುವವರುಂಟು. ೨೦೨೧ರಲ್ಲಿ ಬಂದ ವಿಂಡೋಸ್ ೧೧ಕ್ಕೆ ಟಿ.ಪಿ.ಎಂ. ೨.೦ ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ೨೦೧೭ರಲ್ಲಿ ಬಂದ ಎಂಟನೆಯ ಪೀಳಿಗೆಯದು ಅಥವಾ ಆಮೇಲಿನದೇ ಆಗಿರಬೇಕು. ಅದಕ್ಕೆ ಹಿಂದಿನದು ಎಷ್ಟೇ ಗಟ್ಟಿಮುಟ್ಟಾಗಿರಲಿ, ಪಂಕ್ತಿಯಿಂದ ಹೊರಕ್ಕೆ. ಹಾಗೆ ಹೊರಗುಳಿದವರಿಗೆ ಕಂಪೆನಿ ತೋರಿಸಿದ ದಾರಿ ಯಾವುದು? ಮನೆಬಳಕೆಯವರು ೩೦ ಡಾಲರ್ ಕೊಡಬೇಕು, ಇಲ್ಲವೆ ಕಂಪೆನಿಯ ಖಾತೆ ತೆರೆದು ತಮ್ಮ ಯಂತ್ರದ ಸೆಟ್ಟಿಂಗುಗಳನ್ನು ಅದರ ವಶಕ್ಕೆ ಕೊಡಬೇಕು. ಅಷ್ಟಾದರೆ ಇನ್ನೊಂದು ವರ್ಷದ ದುರಸ್ತಿ. ವ್ಯಾಪಾರ ಸಂಸ್ಥೆಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ ೬೧ ಡಾಲರ್, ಎರಡನೆಯ ವರ್ಷ ಅದರ ಎರಡರಷ್ಟು, ಮೂರನೆಯ ವರ್ಷ ಮತ್ತೆ ಅದರ ಎರಡರಷ್ಟು. ಇಲ್ಲಿ ಒಂದು ಮಾತನ್ನು ವಾಚಕರು ಗಮನಿಸಬೇಕು. ದುಡ್ಡು ಕೊಟ್ಟವನಿಗೆ ದುರಸ್ತಿ ಸಿಗುವುದಾದರೆ, ದುರಸ್ತಿ ಮಾಡಲು ಬರುತ್ತದೆಂದೇ ಅರ್ಥವಲ್ಲವೆ?

ಆದರೆ ಅಪಾಯವೇ ಇಲ್ಲವೆಂದು ಹೇಳಿ ನಾವು ವಾಚಕರನ್ನು ದಾರಿ ತಪ್ಪಿಸಲಾರೆವು. ದುರಸ್ತಿ ನಿಂತ ಸಿಸ್ಟಂ ಎಂದರೆ ಚಿಲಕ ಮುರಿದ ಬಾಗಿಲು. ೨೦೧೭ರ ಮೇ ೧೨ರಂದು ಹಬ್ಬಿದ ವಾನ್ನಾಕ್ರೈ ಎಂಬ ಪಿಡುಗು ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಮೀರಿ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಬಿಡುಗಡೆಗೆ ಹಣ ಕೇಳಿತು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಮೂರು ವರ್ಷದ ಹಿಂದೆಯೇ, ೨೦೧೪ರ ಏಪ್ರಿಲ್ ೮ರಂದು, ಎಕ್ಸ್‌ಪಿಯನ್ನು ಕೈಬಿಟ್ಟಿದ್ದ ಕಂಪೆನಿ ಆ ಗಂಡಾಂತರದಲ್ಲಿ ಅದಕ್ಕೂ ದುರಸ್ತಿ ಬಿಡುಗಡೆ ಮಾಡಿತು. ಈ ಕತೆಗೆ ಇನ್ನೊಂದು ಮುಖವೂ ಇದೆ. ಅಂದು ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ಎಕ್ಸ್‌ಪಿಗಳಲ್ಲ, ಇನ್ನೂ ದುರಸ್ತಿ ಸಿಗುತ್ತಿದ್ದ ವಿಂಡೋಸ್ ೭. ಮಾರ್ಚಿಯಲ್ಲಿಯೇ ಬಂದಿದ್ದ ದುರಸ್ತಿಯನ್ನು ಅವುಗಳ ಮಾಲೀಕರು ಹಾಕಿಕೊಂಡಿರಲಿಲ್ಲ. ಆದುದರಿಂದ ಹಳೆಯದೆಲ್ಲ ಕೆಟ್ಟದ್ದು, ಹೊಸದೆಲ್ಲ ಭದ್ರ ಎಂಬ ಮಾತು ನಿಲ್ಲುವುದಿಲ್ಲ. ನೋಡಿಕೊಳ್ಳುವವರಿಲ್ಲದ ಯಂತ್ರವೇ ಅಪಾಯದ್ದು.

ನೋಡಿಕೊಳ್ಳುವವರು ಇದ್ದಾರೆಯೆ? ಇದ್ದಾರೆ. ಗೂಗಲಿನ ಕ್ರೋಮ್ ಬ್ರೌಸರು ೨೦೧೬ರಲ್ಲಿ ಎಕ್ಸ್‌ಪಿಯನ್ನು ಬಿಟ್ಟಿತು. ೨೦೨೩ರಲ್ಲಿ ವಿಂಡೋಸ್ ೭ನ್ನೂ ಬಿಟ್ಟಿತು. ಮೂಲ ಬರಹವನ್ನು ಎಲ್ಲರಿಗೂ ತೆರೆದಿಟ್ಟಿರುವ ಫೈರ್‌ಫಾಕ್ಸ್ ಎಕ್ಸ್‌ಪಿಯ ಕೈಯನ್ನು ೨೦೧೮ರವರೆಗೆ ಹಿಡಿದಿತ್ತು. ವಿಂಡೋಸ್ ೭ಕ್ಕಾಗಿ ಅದು ೧೧೫ನೆಯ ಆವೃತ್ತಿಯನ್ನು ಉಳಿಸಿಕೊಂಡು, ೨೦೨೪ಕ್ಕೆ ಮುಗಿಸಬೇಕಿದ್ದುದನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿ ೨೦೨೬ನ್ನು ಮುಟ್ಟಿಸಿತು. ಬಿಡುವಿನ ವೇಳೆಯಲ್ಲಿ ದುಡಿಯುವ ಕೆಲವರು ಅಂಥ ತೆರೆದ ಬರಹವನ್ನೇ ತೆಗೆದುಕೊಂಡು ಎಕ್ಸ್‌ಪಿಗೆ ಒಗ್ಗುವ ಮೈಪಾಲ್, ಸೂಪರ್‌ಮಿಯಂ ಎಂಬ ಬ್ರೌಸರುಗಳನ್ನು ಕಟ್ಟಿದ್ದಾರೆ. ಲೇತಿನಲ್ಲಿ ಹಲ್ಲುಚಕ್ರ ಮಾಡಿಸಿ ತರುವ ಫಿಟ್ಟರಿನ ಕೆಲಸವೇ ಇದು. ಕೈಗೆ ನಕ್ಷೆ ಸಿಕ್ಕಿತು, ಕೆಲಸ ನಡೆಯಿತು.

ಇದಕ್ಕಿಂತ ಹಿಂದಿನ ಒಂದು ಉದಾಹರಣೆಯನ್ನು ನಾವು ವಾಚಕರ ಮುಂದಿಡಬಯಸುತ್ತೇವೆ. ೧೯೯೪ರಲ್ಲಿ ಮೈಕ್ರೋಸಾಫ್ಟ್ ತನ್ನ ಡಾಸ್ ಸಿಸ್ಟಂ ಬದಿಗೆ ಸರಿಯುವುದೆಂದು ಸೂಚಿಸಿದಾಗ, ಅಮೆರಿಕದಲ್ಲಿ ಭೌತಶಾಸ್ತ್ರ ಓದುತ್ತಿದ್ದ ಜಿಮ್ ಹಾಲ್ ಎಂಬ ವಿದ್ಯಾರ್ಥಿ, ಹಾಗಾದರೆ ನಮ್ಮ ಡಾಸ್ ನಾವೇ ಬರೆದುಕೊಳ್ಳೋಣವೆಂದು ಜೂನ್ ೨೯ರಂದು ಬಹಿರಂಗವಾಗಿ ಕರೆ ಕೊಟ್ಟ. ಎಲ್ಲೆಲ್ಲಿಂದಲೋ ಜನ ಕೈಗೂಡಿಸಿದರು. ಫ್ರೀಡಾಸ್ ಎಂಬ ಆ ಸಿಸ್ಟಂ ಇಂದಿಗೂ ಜೀವಂತವಾಗಿದೆ. ೨೦೨೫ರ ಏಪ್ರಿಲ್‌ನಲ್ಲಿ ಅದರ ೧.೪ನೆಯ ಆವೃತ್ತಿ ಬಂದಿತು. ಕಂಪೆನಿ ಕೈಬಿಟ್ಟು ಎಷ್ಟೋ ವರ್ಷವಾದ ಮೇಲೂ ಹಳೆಯ ಡಾಸ್ ಕಾರ್ಯಕ್ರಮಗಳು ಅದರ ಮೇಲೆ ಓಡುತ್ತವೆ. ೧೯೯೩ರಲ್ಲಿ ಶುರುವಾದ ವೈನ್ ಎಂಬ ತಂತ್ರಾಂಶ ವಿಂಡೋಸಿಗೆಂದು ಮಾಡಿದ ಕಾರ್ಯಕ್ರಮಗಳನ್ನು ಲಿನಕ್ಸ್ ಎಂಬ ತೆರೆದ ಸಿಸ್ಟಮ್ಮಿನ ಮೇಲೆ ನಡೆಸುತ್ತದೆ. ವರ್ಚುಯಲ್‌ಬಾಕ್ಸ್‌ನಂಥ ತಂತ್ರಾಂಶದಿಂದ, ಹೊಸ ಯಂತ್ರದ ಒಳಗೇ ಹಳೆಯ ಸಿಸ್ಟಮ್ಮನ್ನು, ದೊಡ್ಡ ಮನೆಯಲ್ಲಿ ಅಜ್ಜನಿಗೊಂದು ಕೋಣೆ ಕೊಟ್ಟಂತೆ, ಇಟ್ಟುಕೊಳ್ಳಬಹುದು.

ಇದೆಲ್ಲ ನಮ್ಮ ಊರಿಗೆ ಹೇಗೆ ತಾಕುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಈ ಪತ್ರಿಕೆಯ ಪುಟಗಳನ್ನು ಕಟ್ಟುವ ಕಂಪ್ಯೂಟರೇ ಎಕ್ಸ್‌ಪಿಯದು. ಅದರಲ್ಲಿರುವುದು ೨೦೦೧ರ ಪೇಜ್‌ಮೇಕರ್ ೭. ಅಡೋಬಿ ಕಂಪೆನಿ ಅದನ್ನು ಬೆಳೆಸುವುದನ್ನು ೨೦೦೪ರಲ್ಲೇ ನಿಲ್ಲಿಸಿತು. ಆದರೂ ಕನ್ನಡ ನಾಡಿನ ಎಷ್ಟೋ ಛಾಪಖಾನೆಗಳು ನುಡಿ ಅಥವಾ ಶ್ರೀಲಿಪಿಯ ಹಳೆಯ ಅಕ್ಷರಗಳೊಡನೆ ಅದರ ಮೇಲೆಯೇ ಬಹುಕಾಲ ನಡೆದವು. ಆ ಹಳೆಯ ಪದ್ಧತಿಯಲ್ಲಿ ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಒಂದು ಕಂಪೆನಿಯ ಅಕ್ಷರದಲ್ಲಿ ಹೊಡೆದದ್ದನ್ನು ಇನ್ನೊಂದು ಕಂಪೆನಿಯ ಅಕ್ಷರದಲ್ಲಿ ಓದಲಾಗದು. ನಾವು ಒಮ್ಮೆ ನಮ್ಮ ಹಳೆಯ ಸಂಚಿಕೆಯೊಂದರ ಕಡತವನ್ನು ಹೊಸ ಯಂತ್ರದಲ್ಲಿ ತೆರೆದು ನೋಡಿದೆವು. ಗಿರಣಿ ಕಾರ್ಮಿಕರ ಬೋನಸ್ ವಿವಾದದ ವರದಿ ಇದ್ದ ಕಡೆ ಇಂಗ್ಲಿಷಿನ ಅರ್ಥವಿಲ್ಲದ ಅಕ್ಷರರಾಶಿ ಕಾಣಿಸಿತು. ಕಾಗದದ ಮೇಲೆ ಅಚ್ಚಾದದ್ದು ಮಾತ್ರ ಓದಲು ಬಂದಿತು.

ವಿಚಿತ್ರವೆಂದರೆ, ಈ ರೋಗಕ್ಕೆ ಮದ್ದು ಅದೇ ಎಕ್ಸ್‌ಪಿಯಲ್ಲಿ ಆಗಲೇ ಇತ್ತು. ಲೋಕದ ಎಲ್ಲ ಲಿಪಿಗಳಿಗೂ ಒಂದೇ ಕಟ್ಟು ಹಾಕಿದ ಯೂನಿಕೋಡ್ ಕನ್ನಡವನ್ನು, ತುಂಗಾ ಎಂಬ ಅಕ್ಷರದೊಡನೆ, ವಿಂಡೋಸಿಗೆ ತಂದದ್ದು ಎಕ್ಸ್‌ಪಿಯೇ. ಯೂನಿಕೋಡಿನಲ್ಲಿ ಬರೆದದ್ದು ಯಾವ ಯಂತ್ರದಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ. ಪೇಜ್‌ಮೇಕರಿಗೆ ಯೂನಿಕೋಡ್ ಬಾರದು. ಹಾಗಾಗಿ ಮದ್ದು ಕೈಯಲ್ಲಿದ್ದರೂ ನಾವು ರೋಗವನ್ನೇ ಸಾಕಿಕೊಂಡು ಬಂದೆವು. ಈ ತಪ್ಪಿನಲ್ಲಿ ಛಾಪಖಾನೆಯವರಾದ ನಮ್ಮದೂ ಪಾಲಿದೆ. ಹಳೆಯ ಅಕ್ಷರವನ್ನು ಯೂನಿಕೋಡಿಗೆ ಬದಲಿಸುವ ಪುಕ್ಕಟೆ ತಂತ್ರಾಂಶಗಳಿವೆ. ಹಳೆಯ ಯಂತ್ರ ಉಸಿರಾಡುತ್ತಿರುವಾಗಲೇ ಆ ಕೆಲಸ ಮುಗಿಸತಕ್ಕದ್ದು.

ಸಣ್ಣ ವ್ಯಾಪಾರಸ್ಥರ ಗತಿಯೂ ಇದೇ. ೨೦೧೭ರ ಜುಲೈ ೧ರಿಂದ ಜಿ.ಎಸ್.ಟಿ. ಬಂದಿತು. ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ ೭೨ ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಿಕೊಂಡಿರಬೇಕೆಂದು ಆ ಕಾನೂನು ಹೇಳುತ್ತದೆ. ಅಂದರೆ ಆರು ವರ್ಷ. ಯಂತ್ರ ಸತ್ತುಹೋಯಿತು, ಲೆಕ್ಕದ ತಂತ್ರಾಂಶ ಹೊಸ ಸಿಸ್ಟಮ್ಮಿನಲ್ಲಿ ತೆರೆಯದು ಎಂಬ ಸಬೂಬನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ. ಹೀಗಿರುವಾಗ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ವ್ಯಾಪಾರಿ ತನ್ನ ಹಳೆಯ ಖಾತೆ ಪುಸ್ತಕಕ್ಕೆ ತಾನೇ ಬೆಂಕಿ ಇಟ್ಟಂತೆ.

ಆದುದರಿಂದ ನಮ್ಮ ವಾಚಕರಿಗೆ ಹೇಳುವುದು ಇಷ್ಟು. ಎಕ್ಸ್‌ಪಿ ಅಥವಾ ವಿಂಡೋಸ್ ೭ ಇರುವ ಯಂತ್ರದಲ್ಲಿ ಲೆಕ್ಕ ಬರೆಯಿರಿ, ಪುಟ ಕಟ್ಟಿರಿ, ಬಿಲ್ಲು ಹೊಡೆಯಿರಿ. ಆದರೆ ಇಂಟರ್ನೆಟ್ಟಿನ ತಂತಿಯನ್ನು ಕಿತ್ತಿಡಿ. ಬ್ಯಾಂಕಿನ ವ್ಯವಹಾರ ಅದರಲ್ಲಿ ಕೂಡದು, ಹಳೆಯದಕ್ಕೆ ಒಗ್ಗುವ ಬ್ರೌಸರು ಸಿಕ್ಕಿತೆಂದರೂ ಕೂಡದು. ಪೆನ್ ಡ್ರೈವನ್ನು ಸಿಕ್ಕಸಿಕ್ಕಲ್ಲಿ ಚುಚ್ಚಿ ತಂದು ಇದಕ್ಕೆ ಚುಚ್ಚಬೇಡಿ. ವಿಂಡೋಸ್ ೧೧ ಒಪ್ಪದ ಯಂತ್ರವಿದ್ದರೆ, ಮಾರುವ ಮೊದಲು ಅದರಲ್ಲಿ ಲಿನಕ್ಸ್ ಹಾಕಿಸಿ ನೋಡಿ. ನೆರೆಯ ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುತ್ತಿರುವುದೇ ಅದರ ಮೇಲೆ. ನಿಮ್ಮ ಲೆಕ್ಕದ ತಂತ್ರಾಂಶ, ಪ್ರಿಂಟರು, ಡಿಜಿಟಲ್ ಸಹಿಯ ಟೋಕನ್ ಅದರಲ್ಲಿ ನಡೆಯುತ್ತವೆಯೋ ಎಂದು ಮೊದಲು ಪರೀಕ್ಷಿಸಿಕೊಳ್ಳಿ. ಎಲ್ಲವೂ ನಡೆಯುತ್ತದೆಂದು ನಾವು ಹೇಳುವುದಿಲ್ಲ. ವರ್ಷಕ್ಕೊಮ್ಮೆ ಲೆಕ್ಕವನ್ನೆಲ್ಲ ಪಿ.ಡಿ.ಎಫ್. ಮಾಡಿ, ಎರಡು ಪ್ರತಿ ತೆಗೆದು, ಒಂದನ್ನು ಅಂಗಡಿಯಿಂದ ಹೊರಗೆ ಇಡಿ.

ತೆರೆದ ತಂತ್ರಾಂಶವೂ ಹಳೆಯದನ್ನು ಬಿಡುತ್ತದಲ್ಲ ಎಂಬ ಆಕ್ಷೇಪಣೆ ಸರಿಯಾದದ್ದೇ. ಡೆಬಿಯನ್ ಎಂಬ ಹೆಸರಾಂತ ಲಿನಕ್ಸ್, ೨೦೨೫ರ ಆಗಸ್ಟ್‌ನಲ್ಲಿ ಬಂದ ತನ್ನ ೧೩ನೆಯ ಆವೃತ್ತಿಯಲ್ಲಿ ೩೨ ಬಿಟ್‌ನ ಹಳೆಯ ಇಂಟೆಲ್ ಯಂತ್ರಗಳಿಗೆ ಹೊಸದಾಗಿ ಹಾಕಿಕೊಳ್ಳುವ ಸೌಕರ್ಯವನ್ನು ನಿಲ್ಲಿಸಿತು. ದುಡಿಯುವ ಕೈಗಳು ಸಾಲದಾದಾಗ ಯಾರೂ ಎಲ್ಲವನ್ನೂ ಹೊರಲಾರರು. ಆದರೆ ಅಲ್ಲಿ ನಕ್ಷೆ ಬಯಲಿನಲ್ಲಿದೆ. ಮುಂದುವರಿಸಬಲ್ಲವನು ಎದ್ದು ಬಂದರೆ ತಡೆಯುವವರಿಲ್ಲ. ಮುಚ್ಚಿದ ಸಿಸ್ಟಮ್ಮಿನಲ್ಲಿ ಹಾಗಲ್ಲ. ಕಂಪೆನಿ ಕೈಬಿಟ್ಟ ಮೇಲೂ ಬೀಗದ ಕೈಯನ್ನು ಬಿಡುವುದಿಲ್ಲ. ಇದು ನಾವು ಎತ್ತುತ್ತಿರುವ ಮುಖ್ಯ ಪ್ರಶ್ನೆ.

೨೦೨೨ರಲ್ಲಿ ಲೋಕದಲ್ಲಿ ೬ ಕೋಟಿ ೨೦ ಲಕ್ಷ ಟನ್ ವಿದ್ಯುನ್ಮಾನ ಕಸ ಬಿದ್ದಿತೆಂದೂ, ಅದರಲ್ಲಿ ಕಾಲು ಭಾಗ ಕೂಡ ಸರಿಯಾಗಿ ಮರುಬಳಕೆಯಾದ ಲೆಕ್ಕವಿಲ್ಲವೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತ ಸರ್ಕಾರ ದುರಸ್ತಿಯ ಹಕ್ಕಿಗೆಂದು ಒಂದು ತಾಣ ತೆರೆಯಿತು. ಮೊಬೈಲು, ವಿದ್ಯುನ್ಮಾನ ವಸ್ತು, ಬೇಸಾಯದ ಉಪಕರಣಗಳು ಅದರಲ್ಲಿ ಸೇರಿವೆ. ಒಳ್ಳೆಯದೇ ಆಯಿತು. ಆದರೆ ಸ್ಕ್ರೂ ಬಿಚ್ಚುವ ಹಕ್ಕು ಕೊಟ್ಟು, ಒಳಗಿನ ಸಿಸ್ಟಮ್ಮನ್ನು ಮುಟ್ಟುವ ಹಕ್ಕು ಕೊಡದಿದ್ದರೆ ಅದು ಅರ್ಧ ಹಕ್ಕು.

ನಾವು ಕೇಳುವುದು ಮೂರು. ಒಂದು: ಯಂತ್ರ ಮಾರುವ ದಿನವೇ ಅದರ ಸಿಸ್ಟಮ್ಮಿಗೆ ಎಷ್ಟು ವರ್ಷ ದುರಸ್ತಿಯೆಂದು ಬೆಲೆಚೀಟಿಯ ಪಕ್ಕದಲ್ಲಿ ಬರೆದಿರಬೇಕು. ಐರೋಪ್ಯ ಒಕ್ಕೂಟ ೨೦೨೪ರ ಕಾನೂನಿನಲ್ಲಿ ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆಯಿಲ್ಲದ ಅವಧಿಯನ್ನು ವಿಧಿಸಿರುವಾಗ ನಮ್ಮ ದೇಶಕ್ಕೆ ಅದು ಆಗದ ಮಾತಲ್ಲ. ಎರಡು: ಕಂಪೆನಿ ದುರಸ್ತಿ ನಿಲ್ಲಿಸಿದ ಮೇಲೆ, ಇತರರು ಅದನ್ನು ನೋಡಿಕೊಳ್ಳಲು ಬೇಕಾದ ವಿವರಗಳನ್ನು ಬಿಟ್ಟುಕೊಡಬೇಕು. ಮೂರು: ಜನರು ಬಳಸಲೇಬೇಕಾದ ಸರ್ಕಾರಿ ತಾಣಗಳು ತೆರೆದ ಸಿಸ್ಟಮ್ಮಿನಲ್ಲಿಯೂ ತಕರಾರಿಲ್ಲದೆ ನಡೆಯಬೇಕು, ಸರ್ಕಾರದ ಕನ್ನಡ ಕಡತಗಳೆಲ್ಲ ಯೂನಿಕೋಡಿನಲ್ಲಿರಬೇಕು.

ಕೈಯಿಂದ ದುಡ್ಡು ಕೊಟ್ಟು ಕೊಂಡ ಯಂತ್ರ ಕೊಂಡವನದು. ಅದು ಯಾವಾಗ ಮುದಿಯಾಯಿತೆಂದು ಹೇಳುವವನೂ ಅವನೇ ಆಗಿರತಕ್ಕದ್ದು. ಈ ವಾರ ನಿಮ್ಮ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದಿರುವ ಹಳೆಯ ಕಂಪ್ಯೂಟರನ್ನು ಒಮ್ಮೆ ಹಚ್ಚಿ ನೋಡಿ. ಅದು ಇನ್ನೂ ಎದ್ದೇಳುತ್ತದಾದರೆ, ಮೊದಲು ಅದರೊಳಗಿನ ಲೆಕ್ಕವನ್ನು ಪ್ರತಿ ಮಾಡಿಕೊಳ್ಳಿ. ಗುಜರಿಯವನನ್ನು ಆಮೇಲೆ ಕರೆಯಬಹುದು.