ಕಡಲ ದಂಡೆಗೂ ಒಂದು ಜೀರ್ಣೋದ್ಧಾರ ಸಮಿತಿ

ಮುಂಬಯಿಯಲ್ಲಿ ನೆಲೆಸಿರುವ ಕರಾವಳಿಯ ಕನ್ನಡಿಗನ ಮನೆಗೆ ವರ್ಷದಲ್ಲಿ ನಾಲ್ಕು ಸಲವಾದರೂ ರಸೀದಿ ಪುಸ್ತಕ ಬರುತ್ತದೆ. ಊರಿನ ದೇವಸ್ಥಾನದ ಬ್ರಹ್ಮಕಲಶ, ದೈವಸ್ಥಾನದ ಜೀರ್ಣೋದ್ಧಾರ, ಭಜನಾ ಮಂದಿರದ ಸುವರ್ಣ ಮಹೋತ್ಸವ, ನಾವು ಕಲಿತ ಶಾಲೆಯ ಶತಮಾನೋತ್ಸವ. ಕಾರಣ ಬೇರೆ, ರಸೀದಿಯ ಬಣ್ಣ ಬೇರೆ. ಕೊಡುವ ಕೈ ಮಾತ್ರ ಅದೇ. ಇದನ್ನು ನಾನು ಹೀಗಳೆಯುತ್ತಿಲ್ಲ. ಹಡಗು ಹತ್ತಿ ಬಂದು, ಹೊಟೇಲಿನಲ್ಲಿ ಹಗಲು ದುಡಿದು, ರಾತ್ರಿಶಾಲೆಯಲ್ಲಿ ಓದಿದ ಹಿರಿಯರು ಊರನ್ನು ಮರೆಯದೆ ಕಳುಹಿಸಿದ ಹಣದಿಂದಲೇ ನಮ್ಮ ಎಷ್ಟೋ ಗ್ರಾಮಗಳ ಗುಡಿ, ಶಾಲೆಗಳು ಇಂದು ನಿಂತಿವೆ. ನನ್ನ ತಕರಾರು ಬೇರೆ. ಈ ಪುಸ್ತಕಗಳ ರಾಶಿಯಲ್ಲಿ ಕಡಲ ದಂಡೆಯ ಹೆಸರಿನ ಒಂದೇ ಒಂದು ಪುಸ್ತಕವನ್ನು ನಾನು ಇಂದಿನವರೆಗೆ ಕಂಡಿಲ್ಲ. ಗುಡಿ ನಿಂತಿರುವ ನೆಲವೇ ಕಡಲಿಗೆ ಹೋಗುತ್ತಿರುವಾಗ ಗುಡಿಯ ಮಾಡಿಗೆ ತಾಮ್ರದ ಹೊದಿಕೆ ಹಾಕಿಸುವ ನಮ್ಮ ಬುದ್ಧಿಗೆ ಏನೆನ್ನಬೇಕು?

ಕಡಲ್ಕೊರೆತವೆಂದರೆ ನಮ್ಮ ಪತ್ರಿಕೆಗಳಿಗೆ ಜೂನ್-ಜುಲೈ ತಿಂಗಳ ಸುದ್ದಿ. ಉಳ್ಳಾಲ, ಸೋಮೇಶ್ವರ, ಉಚ್ಚಿಲ, ಮರವಂತೆ ಎಂದು ಹೆಸರುಗಳು ಪ್ರತಿವರ್ಷ ಬರುತ್ತವೆ. ಬೇರು ಕಿತ್ತು ಮಲಗಿದ ತೆಂಗಿನಮರ, ಅರ್ಧ ಗೋಡೆ ಉಳಿದ ಮನೆ, ಕೊಡೆ ಹಿಡಿಸಿಕೊಂಡು ನಿಂತ ಜನಪ್ರತಿನಿಧಿ, ಇವಿಷ್ಟು ಚಿತ್ರದಲ್ಲಿರುತ್ತವೆ. ತುರ್ತು ಕಾಮಗಾರಿಯ ಆದೇಶವಾಗುತ್ತದೆ. ಲಾರಿಗಳಲ್ಲಿ ಕರಿಕಲ್ಲು ಬಂದು ದಂಡೆಯ ಮೇಲೆ ಸುರಿಯುತ್ತದೆ. ನವರಾತ್ರಿಯ ಹೊತ್ತಿಗೆ ಕಡಲು ಶಾಂತವಾಗುತ್ತದೆ, ನಾವೂ ಶಾಂತರಾಗುತ್ತೇವೆ. ಮರುವರ್ಷ ಆ ಕಲ್ಲಿನ ಅರ್ಧಾಂಶ ಮರಳಿನಡಿ ಹೂತುಹೋಗಿರುತ್ತದೆ, ಮತ್ತೆ ಹೊಸ ಕಲ್ಲು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬ ಗಾದೆಯನ್ನು ಮಾಡಿದವನು ಹೊಳೆಯನ್ನಷ್ಟೇ ಕಂಡಿದ್ದನೇನೋ. ಕಡಲಿಗೆ ಹಾಕಿದ ಕಲ್ಲನ್ನು ಮುಳುಗಿ ಎಣಿಸುವ ಲೆಕ್ಕಪರಿಶೋಧಕ ಇನ್ನೂ ಹುಟ್ಟಿಲ್ಲ. ಗುತ್ತಿಗೆದಾರರಿಗೆ ಇದಕ್ಕಿಂತ ಪ್ರಿಯವಾದ ಕಾಮಗಾರಿ ಬೇರೊಂದಿರಲಾರದು.

ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ, ದೇಶದ ಮುಖ್ಯ ಭೂಭಾಗದ ತೀರದಲ್ಲಿ ಶೇ. 33.6ರಷ್ಟು ಕೊರೆತಕ್ಕೆ ಸಿಕ್ಕಿದೆ, ಶೇ. 26.9ರಷ್ಟು ಕಡೆ ದಂಡೆ ಬೆಳೆಯುತ್ತಿದೆ, ಉಳಿದದ್ದು ಸ್ಥಿರವಾಗಿದೆ ಎಂದು ಲೆಕ್ಕ ಕೊಟ್ಟಿದೆ. ಈ ಲೆಕ್ಕದಲ್ಲಿ ಮೊದಲ ಅಂಕೆಯನ್ನು ಮಾತ್ರ ಎಲ್ಲರೂ ಹೇಳುತ್ತಾರೆ. ಎರಡನೆಯದನ್ನು ಗಮನಿಸಿ: ಒಂದು ಕಡೆ ಹೋಗುತ್ತಿರುವ ಹಾಗೆಯೇ ಇನ್ನೊಂದು ಕಡೆ ಬರುತ್ತಲೂ ಇದೆ. ಮರಳು ನಡೆಯುವ ಪದಾರ್ಥ. ಮಳೆಗಾಲದ ದೊಡ್ಡ ಅಲೆ ಅದನ್ನು ದಂಡೆಯಿಂದ ಎಳೆದು ತುಸು ಆಳದಲ್ಲಿ ದಿಬ್ಬವಾಗಿ ಇಡುತ್ತದೆ. ಬೇಸಗೆಯ ಸಣ್ಣ ಅಲೆ ಅದನ್ನೇ ಮೆಲ್ಲಗೆ ತಂದು ಹಿಂದಿರುಗಿಸುತ್ತದೆ. ಇದರ ಜೊತೆಗೆ ದಂಡೆಯ ಉದ್ದಕ್ಕೂ ಋತುವಿಗೊಂದು ದಿಕ್ಕಿನಲ್ಲಿ ಮರಳು ಸಾಗುತ್ತದೆ. ನದಿಗಳು ಹೊಸ ಮರಳನ್ನು ತಂದು ಸೇರಿಸುತ್ತವೆ. ನಮ್ಮ ಅಜ್ಜಂದಿರ ಕಾಲದಲ್ಲಿ ಕಡಲು ಮಳೆಗಾಲದಲ್ಲಿ ಮುಂದೆ ಬಂದು ದೀಪಾವಳಿಯ ನಂತರ ಹಿಂದೆ ಸರಿಯುತ್ತಿದ್ದುದರ ಗುಟ್ಟು ಇದೇ. ಆಗ ಅದನ್ನು ಯಾರೂ ವಿಪತ್ತು ಎಂದು ಕರೆಯಲಿಲ್ಲ, ಏಕೆಂದರೆ ಮನೆಗೂ ಅಲೆಗೂ ನಡುವೆ ಮರಳ ದಿಬ್ಬವೂ ಅದರ ಮೇಲೆ ಹಬ್ಬುವ ಬಳ್ಳಿಯೂ ಇದ್ದವು.

ಈ ನಡಿಗೆಗೆ ಅಡ್ಡ ನಿಂತವರು ನಾವು. ಅಣೆಕಟ್ಟು, ಮರಳು ಲಾರಿಗಳಿಂದಾಗಿ ನದಿಯ ಕಾಣಿಕೆ ಕಡಿಮೆಯಾಯಿತು. ಅಳಿವೆಬಾಗಿಲುಗಳಲ್ಲಿ ಅಲೆತಡೆ ಗೋಡೆಗಳು ಬಂದವು. ನೇತ್ರಾವತಿ-ಗುರುಪುರ ನದಿಗಳ ಅಳಿವೆಯಲ್ಲಿ 1990ರ ದಶಕದಲ್ಲಿ ಕಟ್ಟಿದ ಎರಡು ಗೋಡೆಗಳು ಮೀನುಗಾರಿಕಾ ದೋಣಿಗಳಿಗೆ ದಾರಿ ಮಾಡಿಕೊಟ್ಟದ್ದು ಸತ್ಯ. ಆನಂತರ ಉಳ್ಳಾಲದ ಕೋಟೆಪುರ, ಮೊಗವೀರಪಟ್ಣದ ಕಡೆ ಕೊರೆತ ತೀವ್ರವಾದುದೂ ಅಷ್ಟೇ ಸತ್ಯ. ಬೇಡವೆನ್ನುವುದು ನನ್ನ ವಾದವಲ್ಲ. ದೋಣಿಯವನಿಗೆ ಬಾಗಿಲು ಬೇಕು. ಆದರೆ ಮರಳನ್ನು ತಡೆದವರು ಆ ಮರಳನ್ನು ಎತ್ತಿ ಆಚೆ ದಾಟಿಸುವ ಹೊಣೆಯನ್ನೂ ಹೊರಬೇಕಷ್ಟೆ.

ಹೊಣೆ ಹೊತ್ತವರು ಇಲ್ಲವೆಂದಲ್ಲ. ಆಸ್ಟ್ರೇಲಿಯದಲ್ಲಿ ಟ್ವೀಡ್ ನದಿಯ ಅಳಿವೆಗೆ ಗೋಡೆ ಕಟ್ಟಿದ್ದರಿಂದ ಉತ್ತರದ ಗೋಲ್ಡ್ ಕೋಸ್ಟಿನ ದಂಡೆಗಳು ಬಡವಾದವು. ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ಎಂಬ ಎರಡು ರಾಜ್ಯಗಳು ಕೂಡಿ 2001ರಿಂದ ಅಲ್ಲಿ ಪಂಪು ಹಚ್ಚಿ, ದಕ್ಷಿಣದಲ್ಲಿ ಶೇಖರವಾಗುವ ಮರಳನ್ನು ಕೊಳವೆಯ ಮೂಲಕ ಉತ್ತರಕ್ಕೆ ದಾಟಿಸುತ್ತಿವೆ. ವರ್ಷಕ್ಕೆ ಸುಮಾರು 5 ಲಕ್ಷ ಘನಮೀಟರು! ಫ್ಲಾರಿಡಾದ ಹಲವು ಕೌಂಟಿಗಳಲ್ಲಿ ಹೊಟೇಲಿನಲ್ಲಿ ತಂಗುವ ಪ್ರವಾಸಿಯಿಂದ ಪಡೆಯುವ ತೆರಿಗೆಯ ಒಂದು ಪಾಲು ದಂಡೆಗೆ ಮರಳು ತುಂಬಲು ಹೋಗುತ್ತದೆ. ಮರಳಿನ ಮೇಲೆ ಬಿಸಿಲು ಕಾಯಿಸಿದವನೇ ಮರಳಿನ ಖರ್ಚಿಗೂ ಕೊಡಲಿ ಎಂಬುದು ಅಲ್ಲಿನ ಸರಳ ನ್ಯಾಯ. ನಮ್ಮಲ್ಲಿ ಪಡುಬಿದ್ರಿ, ಕಾಸರಕೋಡು ದಂಡೆಗಳಿಗೆ 2020ರಲ್ಲಿ ನೀಲಿ ಬಾವುಟದ ಮನ್ನಣೆ ದೊರೆತಾಗ ಎಲ್ಲರೂ ಹೆಮ್ಮೆಪಟ್ಟೆವು. ಬಾವುಟವಿರುವ ದಂಡೆಯಿಂದ ಬಾವುಟವಿಲ್ಲದ ದಂಡೆಗೆ ನಾಲ್ಕು ಕಾಸು ಹೋಗಬೇಕೆಂದು ಯಾರಿಗೂ ತೋಚಲಿಲ್ಲ.

ಅದು ಹೊರದೇಶದ ಮಾತು, ನಮ್ಮಲ್ಲಿ ನಡೆಯುವುದಲ್ಲ ಎನ್ನುವವರು ಪುದುಚೇರಿಯನ್ನು ನೋಡಿ ಬರಬೇಕು. ಅಲ್ಲಿ 1980ರ ದಶಕದ ಕೊನೆಯಲ್ಲಿ ಬಂದರಿನ ಗೋಡೆಗಳು ಎದ್ದವು. ಪೂರ್ವ ಕರಾವಳಿಯಲ್ಲಿ ವರ್ಷದ ಒಟ್ಟು ಲೆಕ್ಕದಲ್ಲಿ ಮರಳು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ತಡೆಹಿಡಿದ ಮರಳನ್ನು ಉತ್ತರಕ್ಕೆ ದಾಟಿಸಬೇಕೆಂಬುದು ಕಾಗದದಲ್ಲಿತ್ತು, ನಡೆಯಬೇಕಾದಂತೆ ನಡೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಊರಿನ ಮುಂದಿನ ದಂಡೆ ಮಾಯವಾಗಿ ಕಲ್ಲಿನ ರಾಶಿ ಉಳಿಯಿತು. ಕಲ್ಲು ಹಾಕಿದಷ್ಟೂ ಕೊರೆತ ಉತ್ತರದ ಮೀನುಗಾರರ ಹಳ್ಳಿಗಳಿಗೆ ಜರುಗಿತು. ಆಗ ಊರಿನ ಕೆಲವು ನಿವಾಸಿಗಳು ‘ಪಾಂಡಿಕ್ಯಾನ್’ ಎಂಬ ನಾಗರಿಕರ ಕೂಟ ಕಟ್ಟಿಕೊಂಡು, ನಮಗೆ ಕಲ್ಲು ಬೇಡ, ಮರಳು ಬೇಕು ಎಂದು ವರ್ಷಗಟ್ಟಲೆ ಹಟಹಿಡಿದರು. ಎಂಜಿನಿಯರರ ಭಾಷೆಯನ್ನು ಕಲಿತು ಎಂಜಿನಿಯರರೊಡನೆ ವಾದಿಸಿದರು. ಕೊನೆಗೆ 2018ರಲ್ಲಿ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ವಿನ್ಯಾಸದಂತೆ ನೀರಿನಡಿಯಲ್ಲಿ ಉಕ್ಕಿನ ಬೆಣೆಯಾಕಾರದ ದಿಬ್ಬವೊಂದನ್ನು ಇಳಿಸಲಾಯಿತು. ಬಂದರಿನ ಹೂಳೆತ್ತಿದ ಮರಳನ್ನೂ ದಂಡೆಗೆ ತಿರುಗಿಸಲಾಯಿತು. ಒಂದು ತಲೆಮಾರು ಕಲ್ಲನ್ನಷ್ಟೇ ಕಂಡಿದ್ದ ಜಾಗದಲ್ಲಿ ಮಕ್ಕಳು ಮರಳಿನಲ್ಲಿ ಆಡಿದರು. ಉತ್ತರದ ಹಳ್ಳಿಗಳ ಕಷ್ಟ ಅಷ್ಟರಿಂದ ತೀರಲಿಲ್ಲವೆಂಬುದನ್ನೂ ಹೇಳಬೇಕು. ಆದರೂ ಕೇಳುವವರಿದ್ದರೆ ಸರಕಾರ ಕೊಡುವುದುಂಟು ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಕಡೆ ಹಣವೇ ಬರಲಿಲ್ಲವೇ? ಬಂದಿದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕು ಕರಾವಳಿ ರಕ್ಷಣೆಗೆಂದು 2010ರಲ್ಲಿ 25 ಕೋಟಿ ಡಾಲರಿನ ಸಾಲದ ಯೋಜನೆಯನ್ನು ಒಪ್ಪಿತು. ಅದರ ಎರಡನೆಯ ಕಂತಾಗಿ 2017ರಲ್ಲಿ ಕರ್ನಾಟಕದ ತೀರಕ್ಕೆಂದೇ 6.55 ಕೋಟಿ ಡಾಲರಿನ ಒಪ್ಪಂದವಾಯಿತು. ಉಳ್ಳಾಲದಲ್ಲಿ ಸಮುದ್ರದೊಳಗೆ ಎರಡು ಕೃತಕ ದಿಬ್ಬಗಳು, ದಂಡೆಯ ಬಳಿ ಕಲ್ಲಿನ ಒಡ್ಡುಗಳು, ಹಳೆಯ ಅಲೆತಡೆ ಗೋಡೆಗಳ ದುರಸ್ತಿ, ಇವೆಲ್ಲ ಆ ಹಣದಿಂದ ಆದವು. ಕೆಲವು ಕಡೆ ಉಪಯೋಗವೂ ಆಯಿತು. ಆದರೆ ಕೊರೆತ ದಕ್ಷಿಣದ ಸೋಮೇಶ್ವರ, ಉಚ್ಚಿಲಗಳನ್ನು ಬಿಡಲಿಲ್ಲ. 2022ರ ಜುಲೈಯಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಬಂದು ನೋಡಿ, ‘ಸೀ ವೇವ್ ಬ್ರೇಕರ್’ ಎಂಬ ಇನ್ನೊಂದು ಹೊಸ ತಂತ್ರದ ಮಾತಾಡಿ ಹೋದರು. ಪ್ರತಿ ಹತ್ತು ವರ್ಷಕ್ಕೊಂದು ಹೊಸ ತಂತ್ರ. ಹಿಂದಿನ ತಂತ್ರ ಏಕೆ ಸೋತಿತು, ಎಲ್ಲಿ ಗೆದ್ದಿತು ಎಂಬುದನ್ನು ಊರವರಿಗೆ ಊರವರ ಭಾಷೆಯಲ್ಲಿ ಹೇಳುವವರು ಯಾರು? ಸಾಲ ತೀರಿಸುವವರು ನಾವು, ಮನೆ ಕಳೆದುಕೊಳ್ಳುವವರು ನಾವು, ವರದಿ ಮಾತ್ರ ಇಂಗ್ಲಿಷಿನಲ್ಲಿ!

15ನೆಯ ಹಣಕಾಸು ಆಯೋಗವು 2021-26ರ ಅವಧಿಗೆ ನದಿ ಮತ್ತು ಕಡಲಿನ ಕೊರೆತವನ್ನು ತಗ್ಗಿಸಲು 1,500 ಕೋಟಿ ರೂಪಾಯಿ, ಕೊರೆತದಿಂದ ನೆಲೆ ತಪ್ಪಿದವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಎಂದು ಇಡೀ ದೇಶಕ್ಕೆ ಹಂಚಿಟ್ಟಿತ್ತು. ಇಂಥ ಹಣ ತಾನಾಗಿ ಊರಿಗೆ ನಡೆದು ಬರುವುದಿಲ್ಲ. ಯೋಜನೆ ಬರೆಯಬೇಕು, ಅಳತೆ ಕೊಡಬೇಕು, ಬೆನ್ನುಹತ್ತಬೇಕು. ಬ್ರಹ್ಮಪುತ್ರದ ದಂಡೆಯವನೂ ಅದೇ ಸಾಲಿನಲ್ಲಿ ನಿಂತಿರುತ್ತಾನೆ.

ಇನ್ನು ಕಾನೂನು. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯೂ ಅದರ ಸ್ಥಾನಕ್ಕೆ ಬಂದ 2019ರ ಅಧಿಸೂಚನೆಯೂ ಜಿಲ್ಲಾ ಮಟ್ಟದ ಸಮಿತಿಯಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಸಾಂಪ್ರದಾಯಿಕ ಕರಾವಳಿ ಸಮುದಾಯದ ಕನಿಷ್ಠ ಮೂವರು ಇರಬೇಕೆಂದು ಹೇಳುತ್ತವೆ. ಮೂರು ಕುರ್ಚಿಗಳು! ನಿಮ್ಮ ಜಿಲ್ಲೆಯ ಆ ಮೂವರ ಹೆಸರು ನಿಮಗೆ ಗೊತ್ತೇ? ದೇವಸ್ಥಾನದ ಆಡಳಿತ ಮಂಡಳಿಯ ಮೂರು ಸ್ಥಾನಗಳಿಗಾಗಿ ನಮ್ಮಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಈ ಮೂರು ಕುರ್ಚಿಗಳಿಗೆ ಒಂದು ಸಣ್ಣ ಜಗಳವಾದರೂ ಆಗಬಾರದೇ?

ಸಂಘದ ಸಭೆಯೊಂದರಲ್ಲಿ ನಾನು ಈ ಮಾತೆತ್ತಿದಾಗ ಹಿರಿಯರೊಬ್ಬರು, “ಅದು ಸರಕಾರದ ಕೆಲಸವಲ್ಲವೇ ಮಾರಾಯರೇ, ಕಡಲಿಗೆ ಮರಳು ತುಂಬಲು ನಮ್ಮ ಸಂಘದ ಠೇವಣಿ ಸಾಕಾದೀತೇ?” ಎಂದು ನಕ್ಕರು. ಎಲ್ಲರೂ ನಕ್ಕರು. ಅವರ ಮಾತಿನ ಅರ್ಧ ಸರಿ. ಮರಳು ತುಂಬುವುದು, ದಿಬ್ಬ ಇಳಿಸುವುದು ಸರಕಾರದ ಕೆಲಸವೇ. ಅದಕ್ಕೆ ವಂತಿಗೆ ಎತ್ತಬಾರದು. ನಾವು ಹಣ ಕೊಡಬೇಕಾದುದು ಸರಕಾರದಿಂದ ಕೆಲಸ ತೆಗೆಯುವುದಕ್ಕೆ. ದಂಡೆಯಲ್ಲಿ ಗುರುತಿನ ಕಂಬ ನೆಟ್ಟು ತಿಂಗಳಿಗೊಮ್ಮೆ ಮರಳಿನ ಅಗಲ, ಎತ್ತರಗಳನ್ನು ಅಳೆದು ಬರೆದಿಡಲು ಊರಿನ ಇಬ್ಬರು ಹುಡುಗರಿಗೆ ಕೊಡುವ ಸಂಭಾವನೆ ಎಷ್ಟಾದೀತು? ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ವರದಿಗಳನ್ನು ಕನ್ನಡಕ್ಕೆ ತಂದು ಅಚ್ಚು ಹಾಕುವ ಖರ್ಚು, ಚೆನ್ನೈಯ ಹಸಿರು ನ್ಯಾಯಪೀಠಕ್ಕೆ ಹೋಗಬೇಕಾಗಿ ಬಂದರೆ ವಕೀಲರ ಶುಲ್ಕ, ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆಯ ಪ್ರಾಧ್ಯಾಪಕರನ್ನು ಕರೆದು ಸಲಹೆ ಕೇಳಿದರೆ ಗೌರವಧನ. ಒಂದು ತಾರಾಮೆರುಗಿನ ವಾರ್ಷಿಕೋತ್ಸವದ ಶಾಮಿಯಾನದ ಬಾಡಿಗೆಯಲ್ಲಿ ಇದರ ಬಹುಭಾಗ ಮುಗಿದೀತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಜುಲೈ ತಿಂಗಳ ರಾತ್ರಿ ಜಗುಲಿಗೆ ಅಲೆ ಬಡಿಯುತ್ತಿರುವ ಮನೆಯವನು ಕಲ್ಲು ಹಾಕಿ ಎಂದು ಕೂಗುತ್ತಾನೆ; ಮುಂಬಯಿಯ ಮೂರನೆಯ ಮಾಳಿಗೆಯಲ್ಲಿ ಕುಳಿತು ಅವನಿಗೆ ಮರಳಿನ ಉಪದೇಶ ಮಾಡಲು ನೀವು ಯಾರು? ನ್ಯಾಯವಾದ ಪ್ರಶ್ನೆ. ಆ ರಾತ್ರಿ ಆ ಮನೆಗೆ ಕಲ್ಲೇ ಬೇಕು, ಹಾಕಲಿ. ಮಿಕ್ಕ ಹನ್ನೊಂದು ತಿಂಗಳು ನಾವು ಏನು ಮಾಡುತ್ತಿದ್ದೆವು ಎಂಬುದು ನನ್ನ ಪ್ರಶ್ನೆ. ಕಲ್ಲಿನ ಗೋಡೆಗೆ ಬಡಿದ ಅಲೆ ಹಿಂದಿರುಗುವಾಗ ಬುಡದ ಮರಳನ್ನು ಕೆರೆದು ಒಯ್ಯುತ್ತದೆ. ಗೋಡೆ ಮುಗಿಯುವಲ್ಲಿ ನೆರೆಯವನ ನೆಲವನ್ನು ತಿನ್ನುತ್ತದೆ. ಗೋಡೆ ಉಳಿದರೂ ದಂಡೆ ಉಳಿಯುವುದಿಲ್ಲ. ದಂಡೆ ಇಲ್ಲದಲ್ಲಿ ಕೈರಂಪಣಿ ಎಳೆಯುವುದು ಎಲ್ಲಿ ನಿಂತು? ನಾಡದೋಣಿಯನ್ನು ಮೇಲೆಳೆದು ಇಡುವುದು ಎಲ್ಲಿ? ಮೀನು ಒಣಗಿಸುವ ಹೆಂಗಸು ಹಾಸು ಹಾಸುವುದು ಎಲ್ಲಿ? ಮನೆ ಉಳಿಸಿಕೊಂಡು ಕಸುಬು ಕಳೆದುಕೊಂಡವನು ನಾಳೆ ಅದೇ ಮನೆಗೆ ಬೀಗ ಹಾಕಿ ಮುಂಬಯಿಗೋ ದುಬಾಯಿಗೋ ಹೊರಡುತ್ತಾನೆ.

ದೂರದಲ್ಲಿದ್ದು ಏನು ಮಾಡಲಾದೀತು ಎಂಬ ಮಾತೂ ಬೇಡ. ನಮ್ಮದೇ ನಗರದ ವರ್ಸೋವಾ ದಂಡೆಯಲ್ಲಿ 2015ರಲ್ಲಿ ಅಫ್ರೋಜ್ ಶಾ ಎಂಬ ತರುಣ ವಕೀಲರು ನೆರೆಯವರೊಬ್ಬರ ಜೊತೆ ಸೇರಿ ಕಸ ಹೆಕ್ಕಲು ತೊಡಗಿದರು. ವಾರವಾರ ಜನ ಕೂಡಿದರು, ನಗರಪಾಲಿಕೆಯ ಯಂತ್ರಗಳೂ ಬಂದವು. ಮರುವರ್ಷ ವಿಶ್ವಸಂಸ್ಥೆಯ ಗೌರವ ಅವರಿಗೆ ಸಂದಿತು. ಕಸ ಹೆಕ್ಕುವುದಕ್ಕೂ ಮರಳು ತರುವುದಕ್ಕೂ ಅಂತರವಿದೆ, ಬಲ್ಲೆ. ಆದರೆ ಮೊದಲು ನಿವಾಸಿಗಳು ಇಳಿದರು, ಪಾಲಿಕೆ ಹಿಂದಿನಿಂದ ಬಂದಿತು ಎಂಬ ಕ್ರಮವನ್ನು ಗಮನಿಸಬೇಕು.

ಆದುದರಿಂದ ನನ್ನ ಸೂಚನೆ ಹೀಗಿದೆ. ನಮ್ಮ ಸಂಘವು ‘ಕಡಲ ದಂಡೆ ಜೀರ್ಣೋದ್ಧಾರ ಸಮಿತಿ’ ಎಂಬ ಉಪಸಮಿತಿಯೊಂದನ್ನು ರಚಿಸಬೇಕು. ಊರಿನ ದೇವಸ್ಥಾನ, ದೈವಸ್ಥಾನಗಳಿಗೆ ಸಂಘದ ಮೂಲಕ ಹೋಗುವ ಪ್ರತಿ 100 ರೂಪಾಯಿಯಲ್ಲಿ 5 ರೂಪಾಯಿಯನ್ನು ಈ ಸಮಿತಿಗೆ ತೆಗೆದಿಡಬೇಕು. ಅದರಲ್ಲಿ ಒಂದು ಪೈಸೆಯೂ ಕಲ್ಲಿಗೆ ಹೋಗಕೂಡದು; ಅಳತೆಗೆ, ಅರ್ಜಿಗೆ, ಅನುವಾದಕ್ಕೆ, ವಕಾಲತ್ತಿಗೆ ಮಾತ್ರ. ಊರಿನ ಸಮಿತಿಯಲ್ಲಿ ಮೀನುಗಾರ ಮನೆತನದವರು, ಅವರಲ್ಲಿಯೂ ಹೆಂಗಸರು, ಅರ್ಧಕ್ಕಿಂತ ಹೆಚ್ಚಿರಬೇಕು; ಮುಂಬಯಿಯವರಿಗೆ ಹಣ ಕೊಡುವ ಮತ್ತು ಲೆಕ್ಕ ಕೇಳುವ ಅಧಿಕಾರ ಮಾತ್ರ, ಭಾಷಣದ ಅಧಿಕಾರವಿಲ್ಲ. ಲೆಕ್ಕಪತ್ರ ವರ್ಷಕ್ಕೊಮ್ಮೆ ಈ ಪತ್ರಿಕೆಯಲ್ಲೇ ಅಚ್ಚಾಗಬೇಕು.

ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಗೆ ಇದನ್ನು ಸೇರಿಸಬೇಕೆಂದು ಗೌರವ ಕಾರ್ಯದರ್ಶಿಗಳಿಗೆ ಲಿಖಿತವಾಗಿ ಕೊಟ್ಟಿದ್ದೇನೆ. ಸೂಚಕನ ಜಾಗದಲ್ಲಿ ನನ್ನ ಸಹಿ ಇದೆ. ಅನುಮೋದಕರ ಜಾಗ ಖಾಲಿಯಿದೆ. ಸಂಘದ ಕಚೇರಿ ಸಂಜೆ ತೆರೆದಿರುತ್ತದೆ.