ಬೈಕಿನ ಹಿಂದೆ ಟ್ರಾಲಿ: ಅಗ್ಗ ಯಾವುದು, ತುಟ್ಟಿ ಯಾವುದು?

‘ಹನ್ನೊಂದು ಸಾವಿರ ಕೊಡು ತಮ್ಮಾ, ಎಂಟು ದಿನದಾಗ ಟ್ರಾಲಿ ಮಾಡಿ ನಿನ್ನ ಬೈಕಿಗೆ ಜೋಡಿಸಿ ಕೊಡ್ತೀನಿ. ಎರಡು ಕ್ವಿಂಟಲ್ ಹೇರಿದ್ರೂ ಏನೂ ಆಗಂಗಿಲ್ಲ’ ಎಂದರು ವೆಲ್ಡಿಂಗ್ ಅಂಗಡಿಯ ಕಾಕಾ. ಅಂದು ನನಗೆ ಆ ಮಾತು ನೌಕರಿಯ ಆದೇಶ ಪತ್ರದಷ್ಟೇ ಸಿಹಿಯಾಗಿ ಕೇಳಿಸಿತ್ತು.

ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಎಫ್‌ಡಿಎ, ಎಸ್‌ಡಿಎ ಎಂದು ಬೆಳಿಗ್ಗೆ ಗ್ರಂಥಾಲಯದಲ್ಲಿ ಕೂರುತ್ತೇನೆ. ಮಧ್ಯಾಹ್ನದ ನಂತರ ಅವ್ವನ ಕೆಲಸಕ್ಕೆ ನಿಲ್ಲುತ್ತೇನೆ. ಅವ್ವ ಮತ್ತು ಓಣಿಯ ಇಬ್ಬರು ಚಿಗವ್ವಂದಿರು ಸೇರಿ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡುತ್ತಾರೆ. ಖಾನಾವಳಿಗಳಿಗೆ, ಹೆದ್ದಾರಿಯ ಢಾಬಾಗಳಿಗೆ ತಲುಪಿಸುವ ಹೊಣೆ ನನ್ನದು. ಪುಣೆ–ಹೈದರಾಬಾದ್ ನಡುವಿನ ಹೆದ್ದಾರಿ 65 ಮತ್ತು ಬೀದರ್–ಕಲಬುರಗಿ ಕಡೆಯ ಹೆದ್ದಾರಿ 50 ಎರಡೂ ಕೂಡುವ ಊರು ನಮ್ಮ ಹುಮನಾಬಾದ್. ಇಲ್ಲಿ ಗಿರಾಕಿಗೆ ಕೊರತೆಯಿಲ್ಲ. ಕೊರತೆ ಇರುವುದು ಸಾಗಿಸುವ ಗಾಡಿಗೆ.

ಗೂಡ್ಸ್ ಆಟೊ ಕೊಳ್ಳುವ ಶಕ್ತಿ ನಮಗಿಲ್ಲ. ಇರುವುದು ಅಪ್ಪನ ಹಳೆಯ ನೂರು ಸಿಸಿ ಬೈಕ್. ಹಳ್ಳಿ ಕಡೆ ಹೋದರೆ ಬೈಕಿನ ಹಿಂದೆ ಎರಡು ಗಾಲಿಯ ಟ್ರಾಲಿ ಕಟ್ಟಿಕೊಂಡು ಮೇವು, ಹಾಲಿನ ಕ್ಯಾನ್, ಔಷಧ ಹೊಡೆಯುವ ಪಂಪು ಒಯ್ಯುವ ರೈತರು ಕಾಣುತ್ತಾರೆ. ‘ಅವರಿಗೆ ಆಗುವುದು ನಮಗೇಕೆ ಆಗದು?’ ಎಂದುಕೊಂಡೆ. ನನ್ನ ಗೆಳೆಯನದು ಇನ್ನೊಂದು ಕನಸು. ಅವನ ಬಳಿ 350 ಸಿಸಿ ಬೈಕ್ ಇದೆ. ವಿದೇಶಗಳಲ್ಲಿ ಬೈಕಿನ ಹಿಂದೆ ಪುಟ್ಟ ಪೆಟ್ಟಿಗೆ ಗಾಡಿ ಎಳೆದುಕೊಂಡು ಊರೂರು ಸುತ್ತುವವರ ವಿಡಿಯೊ ನೋಡಿ, ಟೆಂಟು, ಸ್ಟವ್ ಎಲ್ಲ ತುಂಬಿಕೊಂಡು ಗೋವಾಕ್ಕೆ ಹೋಗಬೇಕು ಎನ್ನುತ್ತಿದ್ದ. ಇಬ್ಬರೂ ಒಂದೇ ಅಂಗಡಿಗೆ ಹೋಗಿದ್ದೆವು.

ಮುಂಗಡ ಕೊಡುವ ಮೊದಲು ಒಮ್ಮೆ ಓಡಿಸಿ ನೋಡೋಣ ಎಂದು ಸೋದರಮಾವನ ಊರಿಗೆ ಹೋಗಿ ಅವರ ಟ್ರಾಲಿ ಕೇಳಿ ತಂದೆ. ಬರುವಾಗ ಐವತ್ತು ಕೆ.ಜಿ.ಯ ಎರಡು ಚೀಲ ಜೋಳ ಹೇರಿದ್ದೆ. ಸಪಾಟು ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. ಇಳಿಜಾರು ಬಂತು, ಮುಂದೆ ಹಂಪ್ ಕಂಡಿತು, ಬ್ರೇಕ್ ಒತ್ತಿದೆ. ಬೈಕ್ ನಿಂತರೂ ಟ್ರಾಲಿ ನಿಲ್ಲಲಿಲ್ಲ. ಹಿಂದಿನಿಂದ ಯಾರೋ ನೂಕಿದಂತಾಗಿ ಹಿಂದಿನ ಗಾಲಿ ಒಂದು ಬದಿಗೆ ಜಾರಿತು. ನಾನು ಬೈಕ್ ಸಮೇತ ರಸ್ತೆ ಬದಿಯ ಮಣ್ಣಿಗೆ ಬಿದ್ದೆ. ಮೊಣಕಾಲು ಕಿತ್ತಿತು, ಒಂದು ಚೀಲ ಒಡೆಯಿತು. ಹಿಂದೆ ಯಾವ ಲಾರಿಯೂ ಬರುತ್ತಿರಲಿಲ್ಲ ಎಂಬುದಷ್ಟೇ ನನ್ನ ಪುಣ್ಯ.

ಅಂದು ಸಂಜೆ ಅವ್ವ ಮಾತಾಡಲಿಲ್ಲ. ಮೊರ ಹಿಡಿದು ಜೋಳದೊಳಗಿನ ಉಸುಕು ಕೇರುತ್ತಾ ಕೂತಿದ್ದಳು. ಮರುದಿನ ಇಷ್ಟೇ ಕೇಳಿದಳು: ‘ಆಟೊದವ್ನಿಗೆ ಕೊಡೋ ರೊಕ್ಕ ಇದಕ್ಕಿಂತ ಕಮ್ಮಿ ಇತ್ತಲ್ಲೋ?’

ಆ ಪ್ರಶ್ನೆಯ ನಂತರವೇ ನಾನು ಬಿ.ಕಾಂ. ಓದಿದ್ದಕ್ಕೆ ತಕ್ಕಂತೆ ಲೆಕ್ಕಕ್ಕೆ ಕೂತದ್ದು. ನೂರು ಸಿಸಿ ಬೈಕಿನ ತೂಕ ಸುಮಾರು 110 ಕೆ.ಜಿ. ನಾನು 60. ಒಟ್ಟು 170. ಬರಿ ಟ್ರಾಲಿಯೇ 65–70 ಕೆ.ಜಿ. ಇತ್ತು, ಎರಡು ಚೀಲ ಸೇರಿ ಅದೂ 170. ಅಂದರೆ ನಿಲ್ಲಿಸಬೇಕಾದ ತೂಕ ಎರಡು ಪಟ್ಟಾಯಿತು, ಬ್ರೇಕ್ ಇರುವುದು ಮಾತ್ರ ಬೈಕಿನ ಅವೇ ಎರಡು ಗಾಲಿಗೆ. ನಿಲ್ಲುವ ದೂರವೂ ಹೆಚ್ಚು ಕಡಿಮೆ ಎರಡು ಪಟ್ಟಾಗುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂದು ಹೈಸ್ಕೂಲಿನಲ್ಲಿ ಬರೆದು ಅಂಕ ಪಡೆದಿದ್ದೆ. ಅದರ ಅರ್ಥ ತಿಳಿದದ್ದು ಮಣ್ಣಿನಲ್ಲಿ ಬಿದ್ದಾಗ.

ಆಮೇಲೆ ಬೈಕಿನ ಜತೆ ಬಂದಿದ್ದ ಪುಸ್ತಕ ಹುಡುಕಿ ತೆಗೆದೆ. ನಮ್ಮಲ್ಲಿ ಅದನ್ನು ಯಾರೂ ಓದುವುದಿಲ್ಲ. ಟ್ರೇಲರ್ ಎಳೆಯಬೇಡಿ, ಸೈಡ್‌ಕಾರ್ ಜೋಡಿಸಬೇಡಿ ಎಂಬ ಎಚ್ಚರಿಕೆ ಹಲವು ಬೈಕ್‌ಗಳ ಕೈಪಿಡಿಯಲ್ಲಿ ಇರುತ್ತದೆ. ಗೆಳೆಯನಿಗೂ ಒಂದು ವಿಷಯ ಹೇಳಿದೆ. ಆ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವ ಹೋಂಡಾ ಗೋಲ್ಡ್‌ವಿಂಗ್‌ಗೆ 1,833 ಸಿಸಿ ಎಂಜಿನ್. ಆದರೂ ಟ್ರೇಲರ್ ಎಳೆಯಬೇಡಿ ಎಂದೇ ಹೋಂಡಾ ಹೇಳುತ್ತದೆ. ಅಲ್ಲಿನವರು ಎಳೆಯುವುದು ಸ್ವಂತ ಹೊಣೆಯ ಮೇಲೆ, ಅದಕ್ಕೆಂದೇ ತಯಾರಾದ ಗಾಡಿ ಮತ್ತು ಕೊಂಡಿ ಬಳಸಿ.

ಹಾಗಾದರೆ ಅಗ್ಗದ ಟ್ರಾಲಿ ಆರಿಸುವಾಗ ನೋಡಬೇಕಾದದ್ದೇನು? ಬಿದ್ದು ಕಲಿತದ್ದನ್ನು ಹೇಳುತ್ತೇನೆ. ಮೊದಲನೆಯದು ಕೊಂಡಿ. ನಮ್ಮ ಕಡೆ ಟ್ರ್ಯಾಕ್ಟರಿಗೆ ಹಾಕುವಂಥ ಪಿನ್ನಿನ ಕೊಂಡಿಯನ್ನೇ ಸಣ್ಣದು ಮಾಡಿ ಹಾಕುತ್ತಾರೆ. ಟ್ರ್ಯಾಕ್ಟರ್ ತಿರುವಿನಲ್ಲಿ ವಾಲುವುದಿಲ್ಲ, ಬೈಕ್ ವಾಲಲೇಬೇಕು. ಬೈಕ್ ವಾಲಿದಾಗ ಟ್ರಾಲಿ ನೆಟ್ಟಗೆ ಇರುವಂತೆ ಎಲ್ಲ ದಿಕ್ಕಿಗೂ ತಿರುಗುವ ಕೊಂಡಿ ಇಲ್ಲದಿದ್ದರೆ, ತಿರುವಿನಲ್ಲಿ ಟ್ರಾಲಿಯೇ ಬೈಕನ್ನು ತಿರುಚುತ್ತದೆ. ಅದನ್ನು ಸಾಮಾನು ಇಡುವ ಕ್ಯಾರಿಯರ್‌ಗೆ ವೆಲ್ಡ್ ಮಾಡಿದ್ದರೆ ಇನ್ನೂ ಕೆಟ್ಟದ್ದು. ಕ್ಯಾರಿಯರ್ ಇರುವುದು ಹೊರಲು, ಎಳೆಯಲು ಅಲ್ಲ. ಕೊಂಡಿ ಕಳಚಿದರೆ ಹಿಡಿದುಕೊಳ್ಳಲು ಸರಪಳಿ ಇರಬೇಕು.

ಎರಡನೆಯದು ತೂಕ ಇಡುವ ಬಗೆ. ಚೀಲಗಳು ಟ್ರಾಲಿಯ ಅಚ್ಚಿಗಿಂತ ಸ್ವಲ್ಪ ಮುಂದೆ ಇರಬೇಕು. ಒಟ್ಟು ಭಾರದ ಸುಮಾರು ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಕೂರಬೇಕು. ಹಿಂದೆ ಭಾರ ಹೆಚ್ಚಾದರೆ ಟ್ರಾಲಿ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಅದು ಸವಾರನ ಕೈ ಮೀರಿದ ಆಟ. ಮೂರನೆಯದು ಗಾಲಿ. ಕಲ್ಲು, ಸಿಮೆಂಟು ನೂಕುವ ಕೈಗಾಡಿಯ ಗಾಲಿ ಹಾಕಿದರೆ ಸಾವಿರ ರೂಪಾಯಿ ಉಳಿಯಬಹುದು. ಅದು ನಡೆಯುವ ವೇಗಕ್ಕೆ ಮಾಡಿದ ಗಾಲಿ. ಸಣ್ಣ ಗಾಲಿ ಬೈಕಿನ ಗಾಲಿಗಿಂತ ಹೆಚ್ಚು ಸುತ್ತು ತಿರುಗಬೇಕು, ಬೇರಿಂಗ್ ಕಾಯುತ್ತದೆ. ಇನ್ನು ನಮ್ಮ ರಸ್ತೆಯ ಗುಂಡಿ. ಬೈಕಿನವ ಗುಂಡಿ ತಪ್ಪಿಸುತ್ತಾನೆ, ಅವನ ಎರಡೂ ಬದಿಗೆ ಓಡುವ ಟ್ರಾಲಿಯ ಗಾಲಿ ಅದರಲ್ಲೇ ಇಳಿಯುತ್ತದೆ.

ನಾಲ್ಕನೆಯದು ದೀಪ. ಟ್ರಾಲಿ ಬಂದರೆ ಬೈಕಿನ ಹಿಂದಿನ ದೀಪ, ಇಂಡಿಕೇಟರ್, ನಂಬರ್ ಪ್ಲೇಟ್ ಎಲ್ಲ ಮುಚ್ಚುತ್ತದೆ. ಕಬ್ಬಿನ ಸೀಜನ್‌ನಲ್ಲಿ ರಾತ್ರಿ ನಮ್ಮ ರಸ್ತೆಗಳಲ್ಲಿ ಓಡಾಡಿದವರಿಗೆ, ಹಿಂದೆ ದೀಪವಿಲ್ಲದ ಟ್ರಾಲಿ ಏಕಾಏಕಿ ಎದುರಾದಾಗ ಎದೆ ಹೇಗೆ ಝಲ್ಲೆನ್ನುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಸರಿ ಮಾಡಿಸಿದರೆ ಹನ್ನೊಂದು ಸಾವಿರ ಎಲ್ಲಿಗೋ ಹೋಗುತ್ತದೆ. ಅಷ್ಟಾದರೂ ಒಂದು ತೊಡಕು ಉಳಿಯುತ್ತದೆ: ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಎಂಜಿನ್ ಇಲ್ಲದ ಟ್ರೇಲರ್ ಕೂಡ ‘ಮೋಟಾರು ವಾಹನ’ವೇ. ಕಲಂ 39ರಂತೆ ನೋಂದಣಿ ಬೇಕು, ಕಲಂ 146ರಂತೆ ಮೂರನೇ ವ್ಯಕ್ತಿಯ ವಿಮೆ ಬೇಕು. ನೋಂದಣಿಗೆ ಮಾರಾಟ ಪತ್ರ ಮತ್ತು ರಸ್ತೆಗೆ ಯೋಗ್ಯ ಎಂಬ ತಯಾರಕರ ಪ್ರಮಾಣ ಪತ್ರ, ಅಂದರೆ ಫಾರ್ಮ್ 21 ಮತ್ತು 22 ಕೇಳುತ್ತಾರೆ. ವೆಲ್ಡಿಂಗ್ ಅಂಗಡಿಯ ಕೈಬರಹದ ಬಿಲ್ಲಿಗೆ ಅಲ್ಲಿ ಬೆಲೆಯಿಲ್ಲ. ಉತ್ತರ ಭಾರತದ ‘ಜುಗಾಡ್’ ಗಾಡಿಗಳೂ ಮೋಟಾರು ವಾಹನಗಳೇ, ಕಾಯ್ದೆ ಅವಕ್ಕೂ ಅನ್ವಯಿಸುತ್ತದೆ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದಂಡ ಕಟ್ಟಿದರೆ ಮುಗಿಯಿತು ಎಂದುಕೊಳ್ಳಬೇಡಿ. ವಿಮೆ ಇಲ್ಲದ ಟ್ರಾಲಿ ಯಾರಿಗಾದರೂ ಬಡಿದರೆ ಪರಿಹಾರದ ಹೊರೆ ನಮ್ಮ ಮನೆಯ ಮೇಲೆಯೇ ಬೀಳುತ್ತದೆ. ಹನ್ನೊಂದು ಸಾವಿರ ಉಳಿಸಲು ಹೋಗಿ ಹೊಲ ಮಾರುವ ಪರಿಸ್ಥಿತಿ ಬರಬಾರದು.

‘ಕಾನೂನೆಲ್ಲ ಬಡವರಿಗೇನಾ? ಲಾರಿಯವರು ಓವರ್‌ಲೋಡ್ ಹಾಕ್ಕೊಂಡು ಹೋಗಲ್ವಾ?’ ಎಂದು ಗೆಳೆಯ ಕೇಳಿದ. ಪ್ರಶ್ನೆಯಲ್ಲಿ ನ್ಯಾಯವಿದೆ. ಶರಣರ ಕಲ್ಯಾಣದ ನೆರೆಯವರು ನಾವು, ಯಾವ ದುಡಿಮೆಯೂ ಕೀಳಲ್ಲ ಎಂದು ಸಣ್ಣವರಿದ್ದಾಗಿನಿಂದ ಕೇಳಿದ್ದೇವೆ. ಹಾಗೆ ದುಡಿಯಲು ಹೊರಟ ಹುಡುಗನಿಗೆ ‘ಇದು ಮಾಡಬೇಡ’ ಎನ್ನುವವರು ಬಹಳ, ‘ಹೀಗೆ ಮಾಡು’ ಎಂದು ದಾರಿ ತೋರಿಸುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಮಾಡಬಹುದಾದ ಕೆಲಸವಿದೆ. ಬಸವಕಲ್ಯಾಣದ ಆಟೊನಗರದಲ್ಲಿ ಲಾರಿಗಳನ್ನೇ ಬಿಚ್ಚಿ ಕಟ್ಟುವ ಕೈಗಳಿವೆ. ನಮ್ಮಲ್ಲಿ ಐಟಿಐ, ಪಾಲಿಟೆಕ್ನಿಕ್ ಓದಿದ ಹುಡುಗರಿದ್ದಾರೆ. ಸಾರಿಗೆ ಇಲಾಖೆ ಒಂದು ಸಣ್ಣ, ಬ್ರೇಕ್ ಮತ್ತು ದೀಪವಿರುವ ಟ್ರೇಲರಿನ ನಕ್ಷೆ ಪರೀಕ್ಷಿಸಿ ಒಪ್ಪಿಗೆ ಕೊಡಲಿ. ಯಾವ ಬೈಕಿಗೆ, ಎಷ್ಟು ತೂಕಕ್ಕೆ, ಎಷ್ಟು ವೇಗಕ್ಕೆ ಎಂದು ಸ್ಪಷ್ಟವಾಗಿ ಬರೆಯಲಿ. ನೂರು ಸಿಸಿಗೆ ಆಗುವುದೇ ಇಲ್ಲ ಎಂದಾದರೆ ಅದನ್ನೂ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಲಿ. ಅಷ್ಟಾದರೆ ಊಹೆಯ ಮೇಲೆ ವೆಲ್ಡಿಂಗ್ ಮಾಡುವುದು ನಿಲ್ಲುತ್ತದೆ.

ಅಲ್ಲಿಯವರೆಗೆ ಏನು ಮಾಡುವುದು? ಮೊದಲು ನಿಮ್ಮ ಸಾಮಾನನ್ನು ತೂಕಕ್ಕೆ ಹಾಕಿ. ನಾನು ಹಾಕಿದೆ. ಮುನ್ನೂರು ಖಡಕ್ ರೊಟ್ಟಿ ಹದಿನೈದು ಕೆ.ಜಿ. ದಾಟಲಿಲ್ಲ. ಜಾಗ ಹೆಚ್ಚು, ಭಾರ ಕಡಿಮೆ. ಅದಕ್ಕೆ ಟ್ರಾಲಿ ಬೇಕೇ ಇರಲಿಲ್ಲ, ಪೆಟ್ಟಿಗೆ ಸಾಕಿತ್ತು. 2020ರ ನಿಯಮದಂತೆ ಬೈಕಿಗೆ 550 ಮಿ.ಮೀ. ಉದ್ದ, 510 ಮಿ.ಮೀ. ಅಗಲ, 500 ಮಿ.ಮೀ. ಎತ್ತರದವರೆಗಿನ ಹಗುರ ಪೆಟ್ಟಿಗೆ ಹಾಕಿಕೊಳ್ಳಬಹುದು. ಹಿಂದಿನ ಸೀಟಿನ ಜಾಗದಲ್ಲಿ ಇಟ್ಟರೆ ಸವಾರ ಒಬ್ಬನೇ ಇರಬೇಕು. ಭಾರ ಇರುವುದು ಜೋಳದ ಚೀಲಕ್ಕೆ, ಅದು ಬೇಕಾಗುವುದು ಹದಿನೈದು ದಿನಕ್ಕೊಮ್ಮೆ. ಕಿರಾಣಿ ಅಂಗಡಿಯವರ ಸಾಮಾನಿನ ಜತೆ ಒಂದೇ ಗೂಡ್ಸ್ ಆಟೊದಲ್ಲಿ ತರಿಸಿದರೆ ನನ್ನ ಪಾಲು 250 ರೂಪಾಯಿ. ವರ್ಷಕ್ಕೆ ಆರು ಸಾವಿರ. ಟ್ರಾಲಿಯ ಹನ್ನೊಂದು ಸಾವಿರದಲ್ಲಿ ಸುಮಾರು ಎರಡು ವರ್ಷದ ಬಾಡಿಗೆ ಮುಗಿಯುತ್ತದೆ. ಟೈರು, ಬೇರಿಂಗು, ದಂಡ, ದವಾಖಾನೆಯ ಖರ್ಚು ಇದರಲ್ಲಿ ಸೇರಿಲ್ಲ.

ವ್ಯಾಪಾರ ಬೆಳೆದು ದಿನವೂ ನೂರು ಕೆ.ಜಿ. ಸಾಗಿಸಬೇಕಾದರೆ ಆಗ ಮೂರು ಗಾಲಿಯ ಗಾಡಿಯನ್ನೇ ಯೋಚಿಸಿ. ನೋಂದಣಿಯಾಗುವ ಬ್ಯಾಟರಿ ಗಾಡಿ ಇ-ಕಾರ್ಟ್ 310 ಕೆ.ಜಿ. ಒಯ್ಯಬಹುದು. ಗಂಟೆಗೆ 25 ಕಿ.ಮೀ. ವೇಗ, ಊರೊಳಗಿನ ಕೆಲಸಕ್ಕೆ ಅಷ್ಟು ಸಾಕು. ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50 ಸಾವಿರದವರೆಗೆ, ‘ಕಿಶೋರ’ದಲ್ಲಿ ಅದರಿಂದ 5 ಲಕ್ಷದವರೆಗೆ ಸಾಲಕ್ಕೆ ಅರ್ಜಿ ಹಾಕಬಹುದು. ಪ್ರವಾಸದ ಕನಸಿನವರಿಗೆ ಎರಡೂ ಬದಿಗೆ ತೂಗುವ ಸ್ಯಾಡಲ್ ಬ್ಯಾಗ್ ಇದೆ. ಗೆಳೆಯ ಹಾಗೇ ಗೋವಾಕ್ಕೆ ಹೋಗಿ ಬಂದ. ಟೆಂಟು ಒಯ್ದಿದ್ದ, ಸ್ಟವ್ ಬಿಟ್ಟು ಹೋಗಿದ್ದ. ಊಟಕ್ಕೇನೂ ಕೊರತೆಯಾಗಲಿಲ್ಲವಂತೆ, ಅವ್ವನ ಖಡಕ್ ರೊಟ್ಟಿ ಬ್ಯಾಗಿನಲ್ಲಿತ್ತು.

ವೆಲ್ಡಿಂಗ್ ಅಂಗಡಿಯ ಕಾಕಾನ ಬಳಿ ಮತ್ತೆ ಹೋಗಿದ್ದೆ, ಪೆಟ್ಟಿಗೆ ಇಡಲು ಸ್ಟ್ಯಾಂಡ್ ಮಾಡಿಸಲು. ‘ಟ್ರಾಲಿ ಬ್ಯಾಡೇನು?’ ಎಂದು ಕೇಳಿದರು. ಬೇಡ ಎಂದೆ, ಬಿದ್ದ ಕಥೆಯನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬ್ರೇಕಿನ ಮಾತು ಇಲ್ಲೀತನ ಯಾರೂ ಕೇಳಿರಲಿಲ್ಲ’ ಎಂದರು. ನೀವಾದರೂ ಕೇಳಿ. ದರ ಕೇಳುವ ಮೊದಲು ಬ್ರೇಕ್ ಎಲ್ಲಿದೆ ಎಂದು ಕೇಳಿ.